ಗುತ್ತಿಗೆಯ ವಿಳಾಸ: ಗಣಕಯಂತ್ರವು ಜಾಲವನ್ನು ಸೇರುವ ಬಗೆ

ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟವು ಕೋಲಾರ ಜಿಲ್ಲೆಯ ಶಾಸನಗಳಿಗೆ ಮೀಸಲಾದುದೆಂಬುದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಆ ಸಂಪುಟದಲ್ಲಿ ಪ್ರತಿಯೊಂದು ಶಾಸನಕ್ಕೂ ಎರಡು ಭಾಗಗಳುಳ್ಳ ಒಂದು ಗುರುತು ಇದೆ. ಮೊದಲ ಭಾಗವು ತಾಲ್ಲೂಕಿನ ಸಂಕೇತಾಕ್ಷರ. ಎರಡನೆಯದು ಆ ತಾಲ್ಲೂಕಿನೊಳಗಿನ ಕ್ರಮಸಂಖ್ಯೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕಕ್ಕೂ ಬೇರೆಬೇರೆ ಅಕ್ಷರಗಳಿವೆಯಾದ್ದರಿಂದ ಒಂದೇ ಸಂಖ್ಯೆಯು ನಾಲ್ಕು ಕಡೆ ಬಂದರೂ ಗೊಂದಲವಾಗುವುದಿಲ್ಲ. ಆ ಮೇಲೆ ಬೌರಿಂಗ್‌ಪೇಟೆಯು ಬಂಗಾರಪೇಟೆಯಾಯಿತು. ಚಿಂತಾಮಣಿ, ಶಿಡ್ಲಘಟ್ಟ ಮೊದಲಾದ ತಾಲ್ಲೂಕುಗಳು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದವು. ಕೆಲವು ಕಲ್ಲುಗಳು ಹೊಲದ ಬದುವಿನಿಂದ ಗುಡಿಯ ಅಂಗಳಕ್ಕೆ ಬಂದು ನಿಂತವು. ರೈಸರು ಕೊಟ್ಟ ಗುರುತು ಮಾತ್ರ ಬದಲಾಗಲಿಲ್ಲ. ನೂರಿಪ್ಪತ್ತು ವರ್ಷಗಳ ತರುವಾಯವೂ ಆ ಗುರುತನ್ನು ಹೇಳಿದರೆ ಸಾಕು, ವಿದ್ವಾಂಸರು ಅದೇ ಕಲ್ಲನ್ನು ತಿಳಿದುಕೊಳ್ಳುತ್ತಾರೆ.

ಇಂಥ ಗುರುತುಗಳೊಡನೆ ಬೆಳೆದ ನಾವು ಗಣಕಯಂತ್ರಗಳ ವಿಳಾಸವೂ ಇದೇ ಬಗೆಯದೆಂದು ಬಹುಕಾಲ ಭಾವಿಸಿದ್ದೆವು. ಈ ಭಾವನೆ ತಪ್ಪೆಂದು ತಿಳಿಯುವುದಕ್ಕೆ ಒಂದು ಅಹಿತಕರವಾದ ಪ್ರಸಂಗ ಬೇಕಾಯಿತು. ಇತಿಹಾಸದ ಅಧ್ಯಾಪಕರು ಯಂತ್ರಶಾಸ್ತ್ರದ ವಿಷಯವನ್ನು ಕುರಿತು ಬರೆಯುವುದೇಕೆಂಬ ಪ್ರಶ್ನೆಗೂ ಆ ಪ್ರಸಂಗವೇ ಉತ್ತರವಾದುದರಿಂದ ಅದನ್ನು ಮೊದಲು ನಿವೇದಿಸುತ್ತೇವೆ.

ನಾವು ಪಾಠ ಹೇಳುತ್ತಿದ್ದ ಜಿಲ್ಲೆಯ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮೇಲೆ ಹೇಳಿದ ನಾಲ್ಕು ತಾಲ್ಲೂಕುಗಳಲ್ಲಿ ತಿರುಗಾಡಿ ವೀರಗಲ್ಲು, ಮಾಸ್ತಿಕಲ್ಲು ಮತ್ತು ಶಾಸನಗಳ ಛಾಯಾಚಿತ್ರಗಳನ್ನು ತೆಗೆದು, ಅವನ್ನು ರೈಸರ ಸಂಖ್ಯೆಗಳೊಡನೆ ಹೋಲಿಸಿ ಪಟ್ಟಿ ಮಾಡುತ್ತಿದ್ದರು. ಚಿತ್ರಗಳೆಲ್ಲವೂ ಕಾಲೇಜಿನ ಗಣಕ ಪ್ರಯೋಗಾಲಯದ ಸಾಮಾನ್ಯ ಸಂಗ್ರಹದಲ್ಲಿದ್ದವು. ಒಂದು ಶನಿವಾರ ನೋಡಿದಾಗ ಮುಳಬಾಗಿಲು ತಾಲ್ಲೂಕಿನ ಕಡತ ಪೂರ್ತಿಯಾಗಿ ಅಳಿಸಿಹೋಗಿತ್ತು. ಸಂಗ್ರಹದ ಯಂತ್ರದ ದಾಖಲೆಯಲ್ಲಿ, ಹಿಂದಿನ ಬುಧವಾರ ಬೆಳಗ್ಗೆ 11 ಗಂಟೆ 20 ನಿಮಿಷಕ್ಕೆ ಅದು ಅಳಿಸಲ್ಪಟ್ಟಿತೆಂದೂ, ಆಜ್ಞೆಯು 192.168.10.87 ಎಂಬ ವಿಳಾಸದಿಂದ ಬಂದಿತೆಂದೂ ಇತ್ತು. ವಿದ್ಯಾರ್ಥಿಗಳೆಲ್ಲರೂ ಒಂದೇ ಹೆಸರು, ಒಂದೇ ಗುಪ್ತಪದವನ್ನು ಬಳಸುತ್ತಿದ್ದರು. ಈ ಅವ್ಯವಸ್ಥೆ ನಮ್ಮದೇ. ಆದುದರಿಂದ ವಿಳಾಸದ ಹೊರತು ಬೇರೆ ಸುಳಿವಿರಲಿಲ್ಲ. ಆ ವಿಳಾಸ ಯಾರದೆಂದು ಶನಿವಾರದ ಪಟ್ಟಿಯಲ್ಲಿ ನೋಡಲಾಗಿ ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಯಿಂದ ಬರುತ್ತಿದ್ದ ವಿದ್ಯಾರ್ಥಿಯೊಬ್ಬನ ಲ್ಯಾಪ್‌ಟಾಪಿನ ಹೆಸರು ಕಂಡಿತು. ಸೋಮವಾರ ಅವನಿಂದ ಲಿಖಿತ ವಿವರಣೆಯನ್ನು ಕೇಳಲಾಯಿತು. “ಬುಧವಾರ ನಾನು ಊರಲ್ಲಿದ್ದೆ ಸಾರ್, ತೋಟದಲ್ಲಿ ಮಾವಿನಕಾಯಿ ಕೀಳಿಸ್ತಾ ಇದ್ವಿ” ಎಂದು ಅವನು ಹೇಳಿದ. ಅವನ ಮಾತನ್ನು ನಾವು ನಂಬಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ದಾಖಲೆ ಇರುವಾಗ ಬಾಯಿಮಾತಿಗೆ ಬೆಲೆ ಎಲ್ಲಿಯದು ಎಂಬುದು ನಮ್ಮ ಅಂದಿನ ಧೋರಣೆಯಾಗಿತ್ತು.

ಆ ದಾಖಲೆಯ ನಿಜವಾದ ಅರ್ಥವೇನೆಂದು ತಿಳಿಯಬೇಕಾದರೆ ಗಣಕಯಂತ್ರವೊಂದು ಜಾಲದೊಳಗೆ ಪ್ರವೇಶಿಸುವ ಕ್ರಮವನ್ನು ತಿಳಿಯಬೇಕು.

ಜಾಲದಲ್ಲಿರುವ ಪ್ರತಿಯೊಂದು ಯಂತ್ರಕ್ಕೂ ಎರಡು ಗುರುತುಗಳಿರುತ್ತವೆ. ಒಂದು, ತಯಾರಿಸುವಾಗಲೇ ಅದರ ಜಾಲದ ಭಾಗದಲ್ಲಿ ಅಚ್ಚೊತ್ತಿದ 48 ದ್ವಿಮಾನ ಅಂಕಿಗಳ ಸಂಖ್ಯೆ, ಇದನ್ನು ಯಂತ್ರಾಂಕವೆನ್ನೋಣ. ಇದರ ಮೊದಲ ಅರ್ಧವು ತಯಾರಕರಿಗೆ ಹಂಚಲ್ಪಟ್ಟದ್ದು, ಉಳಿದ ಅರ್ಧವನ್ನು ತಯಾರಕರೇ ತುಂಬುತ್ತಾರೆ. ಇಂಥ ಸಂಖ್ಯೆಗಳು ಸುಮಾರು 281 ಲಕ್ಷ ಕೋಟಿ ಸಾಧ್ಯವಿರುವುದರಿಂದ ಒಂದರಂತೆ ಇನ್ನೊಂದು ಇರಬೇಕಾಗಿಲ್ಲ. ಎರಡನೆಯದು ಐ.ಪಿ. ವಿಳಾಸ. 1981ರ ಸೆಪ್ಟೆಂಬರಿನಲ್ಲಿ ನಿರ್ಣಯವಾದ ರೂಪದಲ್ಲಿ ಇದು 32 ದ್ವಿಮಾನ ಅಂಕಿಗಳದು. ಓದುವ ಅನುಕೂಲಕ್ಕಾಗಿ ನಾಲ್ಕು ಸಂಖ್ಯೆಗಳ ನಡುವೆ ಚುಕ್ಕಿಯಿಟ್ಟು ಬರೆಯುವುದು ವಾಡಿಕೆ.

ಅಚ್ಚೊತ್ತಿದ ಗುರುತೊಂದು ಇರುವಾಗ ಮತ್ತೊಂದು ಏಕೆ ಬೇಕು? ರೈಸರ ಗುರುತನ್ನೇ ಮತ್ತೆ ನೆನೆಯೋಣ. ಯಂತ್ರಾಂಕವು ಮನುಷ್ಯನ ಹೆಸರಿನಂತೆ. ಅವನು ಯಾರೆಂದು ಹೇಳುತ್ತದೆ, ಎಲ್ಲಿರುವನೆಂದು ಹೇಳುವುದಿಲ್ಲ. ಐ.ಪಿ. ವಿಳಾಸವಾದರೋ ‘ತಾಲ್ಲೂಕು’ ಮತ್ತು ‘ಕ್ರಮಸಂಖ್ಯೆ’ ಎಂಬ ಎರಡು ಭಾಗಗಳುಳ್ಳದ್ದು. ಸಂದೇಶವನ್ನು ಸಾಗಿಸುವ ರೌಟರುಗಳು ದೂರದಲ್ಲಿರುವಾಗ ಮೊದಲ ಭಾಗವನ್ನು ಮಾತ್ರ ನೋಡಿ ಮುಂದಕ್ಕೆ ಕಳುಹಿಸುತ್ತವೆ. ಮುಳಬಾಗಿಲಿಗೆ ಹೋಗತಕ್ಕ ಕಾಗದವನ್ನು ಬೆಂಗಳೂರಿನಲ್ಲಿ ವಿಂಗಡಿಸುವವನಿಗೆ ಊರಿನ ಬೀದಿಯ ಹೆಸರು ಬೇಕಾಗಿಲ್ಲವಷ್ಟೆ. ಎಷ್ಟು ಅಂಕಿಗಳು ತಾಲ್ಲೂಕಿನವು, ಎಷ್ಟು ಕ್ರಮಸಂಖ್ಯೆಯವು ಎಂಬುದನ್ನು ‘ಸಬ್‌ನೆಟ್ ಮಾಸ್ಕ್’ ಎಂಬ ಮತ್ತೊಂದು ಸಂಖ್ಯೆ ತಿಳಿಸುತ್ತದೆ. ಇದರಿಂದ ಹೊರಡುವ ಅನುಮಾನ ಮುಖ್ಯವಾದುದು: ಮಾಲೂರಿನ ಕಾಲೇಜಿನಲ್ಲಿದ್ದ ಲ್ಯಾಪ್‌ಟಾಪನ್ನು ಮುಳಬಾಗಿಲಿನ ಕಾಲೇಜಿಗೆ ಒಯ್ದರೆ ಅದರ ಹಳೆಯ ಐ.ಪಿ. ವಿಳಾಸ ಅಲ್ಲಿ ನಡೆಯದು. ತಾಲ್ಲೂಕು ಬದಲಾದ್ದರಿಂದ ವಿಳಾಸವೂ ಬದಲಾಗಲೇಬೇಕು. ಕಲ್ಲಿಗೆ ಈ ತೊಡಕಿಲ್ಲ, ಏಕೆಂದರೆ ರೈಸರ ಸಂಖ್ಯೆ ಪಟ್ಟಿಯಲ್ಲಿನ ಹೆಸರೇ ವಿನಾ ದಾರಿ ತೋರಿಸುವ ಸಾಧನವಲ್ಲ.

ಮೊದಲಿಗೆ ಈ ವಿಳಾಸವನ್ನು ಮನುಷ್ಯರೇ ಕೈಯಿಂದ ಬರೆಯುತ್ತಿದ್ದರು. ಜಾಲದ ಮೇಲ್ವಿಚಾರಕನ ಬಳಿ ಒಂದು ನೋಟ್‌ಬುಕ್. ಅದರಲ್ಲಿ ಯಾವ ಯಂತ್ರಕ್ಕೆ ಯಾವ ಸಂಖ್ಯೆ ಎಂಬ ಪಟ್ಟಿ. ಹತ್ತು ಯಂತ್ರಗಳಿರುವವರೆಗೆ ಇದು ಸುಲಭ. ಇನ್ನೂರಾದಾಗ ಒಂದೇ ಸಂಖ್ಯೆಯನ್ನು ಎರಡು ಯಂತ್ರಗಳಿಗೆ ಕೊಡುವ ಪ್ರಮಾದ ತಪ್ಪದು. ಹಾಗಾದಾಗ ಒಂದೇ ಸರ್ವೆ ನಂಬರನ್ನು ಇಬ್ಬರ ಹೆಸರಿಗೆ ಬರೆದಂತೆ ಜಗಳ ಹುಟ್ಟಿ ಎರಡು ಯಂತ್ರಗಳೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಇದಕ್ಕೆ ಪರಿಹಾರವಾಗಿ 1984ರಲ್ಲಿ ಒಂದು ವಿಧಾನವೂ 1985ರಲ್ಲಿ ‘ಬೂಟ್‌ಪಿ’ ಎಂಬ ಇನ್ನೊಂದು ವಿಧಾನವೂ ಹೊರಬಂದವು. ಎರಡರಲ್ಲಿಯೂ ಯಂತ್ರವು ತನ್ನ ಯಂತ್ರಾಂಕವನ್ನು ಹೇಳಿ ವಿಳಾಸವನ್ನು ಕೇಳುತ್ತಿತ್ತು. ಉತ್ತರ ಕೊಡುವ ಸರ್ವರಿನಲ್ಲಿ ಮಾತ್ರ ಯಾರೋ ಕುಳಿತು ಪಟ್ಟಿಯನ್ನು ಮೊದಲೇ ಬರೆದಿಡಬೇಕಾಗಿತ್ತು. ನೋಟ್‌ಬುಕ್ ಯಂತ್ರದೊಳಕ್ಕೆ ಹೋಯಿತೆಂಬುದಷ್ಟೇ ವ್ಯತ್ಯಾಸ; ಪರಿಚಯವಿಲ್ಲದವನು ಬಂದರೆ ಅವನಿಗೆ ಜಾಗವಿರಲಿಲ್ಲ.

ಈ ಕೊರತೆಯನ್ನು ನೀಗಿಸಿದ್ದು 1993ರ ಅಕ್ಟೋಬರಿನಲ್ಲಿ ಪ್ರಕಟವಾದ ಡಿ.ಎಚ್.ಸಿ.ಪಿ. ಎಂಬ ನಿಯಮಾವಳಿ. ಅಮೆರಿಕದ ಬಕ್‌ನೆಲ್ ವಿಶ್ವವಿದ್ಯಾನಿಲಯದ ರಾಲ್ಫ್ ಡ್ರೋಮ್ಸ್ ಅದರ ಕರ್ತೃ. 1997ರ ಮಾರ್ಚಿನಲ್ಲಿ ಅವರೇ ಅದನ್ನು ಪರಿಷ್ಕರಿಸಿದರು. ನಮ್ಮ ಕೈಯಲ್ಲಿರುವ ಮೊಬೈಲು ಕಾಲೇಜಿನ ವೈ-ಫೈಯನ್ನು ಸೇರುವಾಗ ಇಂದಿಗೂ ನಡೆಯುವುದು ಬಹುಮಟ್ಟಿಗೆ ಆ ಪರಿಷ್ಕೃತ ಕ್ರಮವೇ. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು. ಆದುದರಿಂದ ನಮ್ಮ ಜಿಲ್ಲೆಯ ಕಾಲೇಜುಗಳಿಗೆ ಜಾಲ ಬರುವ ವೇಳೆಗೆ ನೋಟ್‌ಬುಕ್ಕಿನ ಕಾಲ ಮುಗಿಯುತ್ತ ಬಂದಿತ್ತು. ಏನೂ ಬರೆಯದೆ ಎಲ್ಲವೂ ತಾನಾಗಿ ಆಗುತ್ತದೆಂಬ ಭ್ರಮೆ ನಮ್ಮಲ್ಲಿ ಬಲವಾಗಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಹೊಸ ಯಂತ್ರವು ಜಾಲಕ್ಕೆ ಬಂದಾಗ ಅದರ ಸ್ಥಿತಿ ವಿಚಿತ್ರವಾದುದು. ಅದಕ್ಕೆ ವಿಳಾಸವಿಲ್ಲ, ಯಾರನ್ನು ಕೇಳಬೇಕೆಂಬುದೂ ತಿಳಿಯದು. ಆದುದರಿಂದ ಅದು ಡಂಗುರ ಹೊಡೆಸುತ್ತದೆ. ತನ್ನ ವಿಳಾಸದ ಜಾಗದಲ್ಲಿ 0.0.0.0 ಎಂದು ಬರೆದು, ಕೇಳುವವರ ಜಾಗದಲ್ಲಿ ‘ಎಲ್ಲರಿಗೂ’ ಎಂಬ ಅರ್ಥ ಕೊಡುವ 255.255.255.255 ಎಂದು ಬರೆದು, ತನ್ನ ಯಂತ್ರಾಂಕವನ್ನು ಸೇರಿಸಿ, ವಿಳಾಸ ಕೊಡುವವರು ಯಾರಾದರೂ ಇದ್ದಾರೆಯೇ ಎಂದು ಕೂಗುತ್ತದೆ. ಇದಕ್ಕೆ ‘ಡಿಸ್ಕವರ್’ ಎಂದು ಹೆಸರು. ಕೂಗು ಎಲ್ಲ ಯಂತ್ರಗಳನ್ನೂ ಮುಟ್ಟಿದರೂ ಉತ್ತರಿಸುವ ಅಧಿಕಾರವಿರುವುದು ಸರ್ವರಿಗೆ ಮಾತ್ರ. ಅದು ತನ್ನ ಬೊಕ್ಕಸದಲ್ಲಿ ಖಾಲಿಯಿರುವ ಒಂದು ಸಂಖ್ಯೆಯನ್ನು ತೆಗೆದು, ಇದನ್ನು ಕೊಡಬಲ್ಲೆನೆಂದು ಹೇಳುತ್ತದೆ, ಇದು ‘ಆಫರ್’. ಮೂರನೆಯದಾಗಿ ಯಂತ್ರವು ಅದನ್ನು ಒಪ್ಪಿ ವಿಧ್ಯುಕ್ತವಾಗಿ ಬೇಡುತ್ತದೆ, ಇದು ‘ರಿಕ್ವೆಸ್ಟ್’. ವಾಚಕರು ಗಮನಿಸತಕ್ಕ ವಿಷಯವೇನೆಂದರೆ, ಈ ಮೂರನೆಯ ಮಾತನ್ನೂ ಯಂತ್ರವು ಒಬ್ಬರ ಕಿವಿಯಲ್ಲಿ ಹೇಳದೆ ಎಲ್ಲರಿಗೂ ಕೇಳುವಂತೆ ಕೂಗಿಯೇ ಹೇಳುತ್ತದೆ. ಎರಡು ಸರ್ವರುಗಳು ಎರಡು ಸಂಖ್ಯೆಗಳನ್ನು ಮುಂದಿಟ್ಟಿದ್ದರೆ, ತನ್ನದು ಸ್ವೀಕೃತವಾಗಲಿಲ್ಲವೆಂದು ಎರಡನೆಯದು ಈ ಕೂಗಿನಿಂದಲೇ ತಿಳಿದು ತನ್ನ ಸಂಖ್ಯೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ನಾಲ್ಕನೆಯದಾಗಿ ಸರ್ವರು ‘ಆಯಿತು’ ಎಂದು ಮುದ್ರೆಯೊತ್ತುತ್ತದೆ. ಅದರೊಡನೆ ಮಾಸ್ಕನ್ನೂ, ಹೊರಗಿನ ಲೋಕಕ್ಕೆ ಹೋಗಲು ಬಾಗಿಲಾದ ಗೇಟ್‌ವೇಯ ವಿಳಾಸವನ್ನೂ, ಹೆಸರುಗಳನ್ನು ಸಂಖ್ಯೆಗಳಾಗಿ ತಿಳಿಸುವ ಡಿ.ಎನ್.ಎಸ್. ಯಂತ್ರದ ವಿಳಾಸವನ್ನೂ, ಇವೆಲ್ಲ ಎಷ್ಟು ಹೊತ್ತಿನವರೆಗೆ ಎಂಬ ಅವಧಿಯನ್ನೂ ತಿಳಿಸುತ್ತದೆ. ಎಚ್ಚರಿಕೆಯುಳ್ಳ ಯಂತ್ರವು ಇಷ್ಟಾದ ಮೇಲೂ ಆ ಸಂಖ್ಯೆಯನ್ನು ಬೇರೆ ಯಾರಾದರೂ ಬಳಸುತ್ತಿರುವರೇ ಎಂದು ಒಮ್ಮೆ ವಿಚಾರಿಸಿ, ಬಳಸುತ್ತಿದ್ದರೆ ನಿರಾಕರಿಸಿ, ಮೊದಲಿನಿಂದ ಆರಂಭಿಸುತ್ತದೆ. ಈ ವ್ಯವಹಾರವೆಲ್ಲ ಸಾಮಾನ್ಯವಾಗಿ ಕೆಲವು ಕ್ಷಣಗಳಲ್ಲಿ ಮುಗಿಯುವುದರಿಂದ ನಮ್ಮ ಗಮನಕ್ಕೆ ಬರುವುದಿಲ್ಲ.

ಡಂಗುರದ ಸದ್ದು ಊರ ಗಡಿಯನ್ನು ದಾಟುವುದಿಲ್ಲ. ರೌಟರು ಆ ಗಡಿ. ಹಾಗಾದರೆ ಒಂದು ಸಂಸ್ಥೆಯ ಶಾಖೆಗಳು ಮಾಲೂರಿನಲ್ಲಿ ಒಂದು, ಮುಳಬಾಗಿಲಿನಲ್ಲಿ ಒಂದು ಇದ್ದು ಸರ್ವರು ಕೋಲಾರದಲ್ಲಿ ಮಾತ್ರ ಇದ್ದರೆ ಗತಿಯೇನು? ಬೂಟ್‌ಪಿಯ ಕಾಲದಿಂದಲೇ ಬಂದ ‘ರಿಲೇ’ ಎಂಬ ಮಧ್ಯಸ್ಥನು ಇಲ್ಲಿ ಸಹಾಯಕ್ಕೆ ಬರುತ್ತಾನೆ. ಅವನು ಸ್ಥಳೀಯ ಕೂಗನ್ನು ಕೇಳಿ, ಅದರ ಮೇಲೆ ತನ್ನ ವಿಳಾಸವನ್ನು ಬರೆದು ಕೋಲಾರಕ್ಕೆ ಕಳುಹಿಸುತ್ತಾನೆ. ಸರ್ವರು ಆ ಬರಹವನ್ನು ನೋಡಿ ಅರ್ಜಿದಾರನು ಯಾವ ತಾಲ್ಲೂಕಿನವನೆಂದು ತಿಳಿದು, ಅಲ್ಲಿಗೆ ಸಲ್ಲುವ ಸಂಖ್ಯೆಯನ್ನೇ ಕೊಡುತ್ತದೆ.

ಈಗ ಅವಧಿಯ ವಿಷಯ. ಇದೇ ಈ ವ್ಯವಸ್ಥೆಯ ಜೀವಾಳವೆಂದು ನಮ್ಮ ಅಭಿಪ್ರಾಯ. ನಮ್ಮ ಶಾಸನಗಳಲ್ಲಿ ಕೆರೆಯನ್ನು ಕಟ್ಟಿಸಿದವನಿಗೆ ಕೊಟ್ಟ ಕೊಡಗೆಯು ಆಚಂದ್ರಾರ್ಕವಾದುದು, ಎಂದರೆ ಚಂದ್ರಸೂರ್ಯರಿರುವ ತನಕ ಸಲ್ಲತಕ್ಕದ್ದು. ಡಿ.ಎಚ್.ಸಿ.ಪಿ. ಕೊಡುವ ವಿಳಾಸವಾದರೋ ಸಾಮಾನ್ಯವಾಗಿ ಗುತ್ತಿಗೆಯದು. ಇನ್ನೂ ಸರಿಯಾಗಿ ಹೇಳುವುದಾದರೆ ಸಂತೆಯ ದಿನ ಸುಂಕದವನು ಚೀಟಿ ಹರಿದು ತೋರಿಸಿದ ನಾಲ್ಕು ಮೊಳದ ಜಾಗ. ಇಂದು ಟೊಮ್ಯಾಟೊ ಹಾಕಿಕೊಂಡಿದ್ದವನ ಜಾಗದಲ್ಲಿ ಮುಂದಿನ ವಾರ ಬಳೆಯವನು ಕುಳಿತಿರಬಹುದು. ಹೀಗೇಕೆ ಮಾಡಬೇಕೆಂದರೆ, ಯಂತ್ರಗಳು ಹೋಗುವಾಗ ಹೇಳಿ ಹೋಗುವುದಿಲ್ಲ. ವಿದ್ಯುತ್ತು ನಿಂತೀತು, ವಿದ್ಯಾರ್ಥಿಯು ಮೊಬೈಲನ್ನು ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿಯಾನು. ಹೋದವನ ಸಂಖ್ಯೆಯನ್ನು ಅವನ ಹೆಸರಿನಲ್ಲಿಯೇ ಇಟ್ಟುಕೊಂಡಿದ್ದರೆ ಬೊಕ್ಕಸವು ಬೇಗ ಬರಿದಾಗುತ್ತದೆ. ಆದುದರಿಂದ ಅವಧಿಯ ಅರ್ಧ ಕಳೆದಾಗ ಯಂತ್ರವು ತನಗೆ ವಿಳಾಸ ಕೊಟ್ಟ ಸರ್ವರನ್ನೇ ಕೇಳಿ ಗುತ್ತಿಗೆಯನ್ನು ನವೀಕರಿಸಿಕೊಳ್ಳುತ್ತದೆ. ಉತ್ತರ ಬಾರದಿದ್ದರೆ ಎಂಟರಲ್ಲಿ ಏಳು ಭಾಗ ಕಳೆದ ಮೇಲೆ ಮತ್ತೆ ಡಂಗುರವೆತ್ತಿ ಯಾವ ಸರ್ವರಾದರೂ ಸರಿಯೆಂದು ಬೇಡುತ್ತದೆ. ಅವಧಿ ಪೂರ್ತಿ ಮುಗಿದರೆ ಆ ಸಂಖ್ಯೆಯನ್ನು ಬಿಟ್ಟುಕೊಡತಕ್ಕದ್ದು.

ಅವಧಿ ಎಷ್ಟಿರಬೇಕೆಂಬುದು ಸ್ಥಳವನ್ನು ನೋಡಿ ನಿರ್ಧರಿಸಬೇಕಾದ ಸಂಗತಿ. ನಮ್ಮ ಕಡೆಯ ಕಾಲೇಜುಗಳಲ್ಲಿ ಸಾಮಾನ್ಯವಾದ ಏರ್ಪಾಟಿನಲ್ಲಿ ಕ್ರಮಸಂಖ್ಯೆಗೆ ಎಂಟು ದ್ವಿಮಾನ ಅಂಕಿಗಳು ಮಾತ್ರ. ಅಂದರೆ 256 ಸಂಖ್ಯೆಗಳು. ಮೊದಲನೆಯದು ಜಾಲದ ಹೆಸರಿಗೆ, ಕೊನೆಯದು ಎಲ್ಲರಿಗೂ ಕೂಗುವುದಕ್ಕೆ, ಒಂದು ಗೇಟ್‌ವೇಗೆ, ಉಳಿದವು 253. ವಿಂಡೋಸ್ ಸರ್ವರಿನಲ್ಲಿ ಬೇರೆ ಸೂಚನೆ ಕೊಡದಿದ್ದರೆ ಗುತ್ತಿಗೆಯು 8 ದಿನಗಳದು. ಸೋಮವಾರ 253 ಮೊಬೈಲುಗಳು ಬಂದು ವಿಳಾಸ ಪಡೆದವೆಂದಿಟ್ಟುಕೊಳ್ಳಿ. ಅವೆಲ್ಲ ಸಂಜೆ ಹೊರಟುಹೋದರೂ ಮಂಗಳವಾರ ಹೊಸದಾಗಿ ಬಂದವನಿಗೆ ಒಂದೂ ಸಿಕ್ಕುವುದಿಲ್ಲ. ಗುತ್ತಿಗೆಯನ್ನು ಎರಡು ಗಂಟೆಗೆ ಇಳಿಸಿದರೆ ಅದೇ 253 ಸಂಖ್ಯೆಗಳು ಸಾಕಾಗುವ ಸಂಭವವಿದೆ. ಜಾಲ ಕೆಟ್ಟಿದೆಯೆಂದು ವಿದ್ಯಾರ್ಥಿಗಳು ದೂರುವ ಎಷ್ಟೋ ಸಂದರ್ಭಗಳಲ್ಲಿ ಕೆಟ್ಟಿರುವುದು ಈ ಲೆಕ್ಕ.

ಇಷ್ಟು ಜಿಪುಣತನ ಏಕೆಂದು ಕೇಳಬಹುದು. 32 ದ್ವಿಮಾನ ಅಂಕಿಗಳಿಂದ ಲೋಕಕ್ಕೆಲ್ಲ ದೊರೆಯುವ ವಿಳಾಸಗಳು 429 ಕೋಟಿ 49 ಲಕ್ಷ 67 ಸಾವಿರದ 296. ಕೇಂದ್ರ ಸಂಸ್ಥೆಯ ಉಗ್ರಾಣದಲ್ಲಿದ್ದ ಕೊನೆಯ ಕಂತುಗಳು 2011ರ ಫೆಬ್ರವರಿಯಲ್ಲಿಯೇ ಹಂಚಿಹೋದವು. ಆದುದರಿಂದ 192.168 ಎಂದು ಆರಂಭವಾಗುವ ಸಂಖ್ಯೆಗಳೂ ಇನ್ನೆರಡು ವರ್ಗಗಳೂ ಮನೆಯೊಳಗಿನ ಬಳಕೆಗೆಂದು ಬಿಡಲ್ಪಟ್ಟಿವೆ. ಇವನ್ನು ಯಾರು ಬೇಕಾದರೂ ಬಳಸಬಹುದು. ಕೋಲಾರದ ಕಾಲೇಜಿನಲ್ಲಿರುವ 192.168.10.87 ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿಯೂ ಇರಬಹುದು. ಹೊರಗಿನವರಿಗೆ ಇಡೀ ಕಾಲೇಜು ಒಂದೇ ಸಾರ್ವಜನಿಕ ವಿಳಾಸದಿಂದ ಕಾಣಿಸಿಕೊಳ್ಳುವುದು ಸಾಮಾನ್ಯ.

ಸರ್ವರೇ ಇಲ್ಲದಿದ್ದರೆ ಏನಾಗುವುದೆಂಬುದನ್ನೂ ಹೇಳಬೇಕು. ಯಂತ್ರವು ಕೂಗಿ ಕೂಗಿ ಉತ್ತರ ಬಾರದಾಗ 169.254 ಎಂದು ಆರಂಭವಾಗುವ ಸಂಖ್ಯೆಗಳಲ್ಲಿ ಒಂದನ್ನು ತಾನೇ ಊಹಿಸಿ, ಅದನ್ನು ಯಾರೂ ಬಳಸುತ್ತಿಲ್ಲವೆಂದು ಖಚಿತಪಡಿಸಿಕೊಂಡು ಇಟ್ಟುಕೊಳ್ಳುತ್ತದೆ. ಈ ಉಪಾಯಕ್ಕೆ ವಿಧ್ಯುಕ್ತ ರೂಪ ಬಂದುದು 2005ರಲ್ಲಿ. ಆದರೆ 1985ರ ಆ್ಯಪಲ್‌ಟಾಕ್ ಜಾಲದಲ್ಲಿಯೇ ಯಂತ್ರಗಳು ಹೀಗೆ ಊಹಿಸಿ, ಪರೀಕ್ಷಿಸಿ, ವಿಳಾಸ ಹಿಡಿಯುತ್ತಿದ್ದವು. ಇಂಥ ವಿಳಾಸದಿಂದ ಪಕ್ಕದ ಯಂತ್ರದೊಡನೆ ಮಾತಾಡಬಹುದು, ಗಡಿ ದಾಟಲಾಗದು. ನಮ್ಮ ವಿದ್ಯಾರ್ಥಿಗಳಿಗೆ ಒಂದು ಉಪಯುಕ್ತ ಸೂಚನೆ: ನಿಮ್ಮ ಯಂತ್ರದಲ್ಲಿ 169.254 ಎಂದು ಕಂಡರೆ ದೋಷವು ಹೊರಗಿನ ಇಂಟರ್‌ನೆಟ್ಟಿನದೆಂದು ಹೇಳುವ ಮುನ್ನ ನಿಮಗೂ ಸರ್ವರಿಗೂ ನಡುವಣ ತಂತಿಯನ್ನು ನೋಡಿರಿ.

128 ದ್ವಿಮಾನ ಅಂಕಿಗಳ ಹೊಸ ಪದ್ಧತಿಯಾದ ಐ.ಪಿ.ವಿ.6ರಲ್ಲಿ 1996ರಿಂದಲೂ ಮತ್ತೊಂದು ಮಾರ್ಗವಿದೆ. ಅಲ್ಲಿ ರೌಟರು ತಾಲ್ಲೂಕಿನ ಭಾಗವನ್ನು ಮಾತ್ರ ಸಾರುತ್ತದೆ. ಉಳಿದುದನ್ನು ಯಂತ್ರವೇ ತುಂಬಿಕೊಳ್ಳುತ್ತದೆ. ಮೊದಲು ಆ ಭಾಗಕ್ಕೆ ಯಂತ್ರಾಂಕವನ್ನೇ ಬಳಸುವ ರೂಢಿಯಿತ್ತು. ಹಾಗೆ ಮಾಡಿದರೆ ಒಬ್ಬನ ಯಂತ್ರ ಎಲ್ಲಿ ಹೋದರೂ ಅದರ ಬೆನ್ನು ಹತ್ತಬಹುದೆಂಬ ಆಕ್ಷೇಪ ಹುಟ್ಟಿ, ಯಾದೃಚ್ಛಿಕ ಸಂಖ್ಯೆಗಳನ್ನು ಬಳಸುವ ಕ್ರಮವು 2001ರಲ್ಲಿ ಬಂದಿತು. ಯಂತ್ರಾಂಕವೂ ಈಗ ಮೊದಲಿನಷ್ಟು ಸ್ಥಿರವಲ್ಲ. 2019 ಮತ್ತು 2020ರಲ್ಲಿ ಬಂದ ಮೊಬೈಲು ತಂತ್ರಾಂಶಗಳು ಒಂದೊಂದು ವೈ-ಫೈ ಜಾಲಕ್ಕೆ ಒಂದೊಂದು ಕೃತಕ ಯಂತ್ರಾಂಕವನ್ನು ಹೇಳತೊಡಗಿದವು. ಇತಿಹಾಸಕಾರನಿಗೆ ಇದು ತೊಡಕು. ಸಾಮಾನ್ಯ ಪ್ರಜೆಗೆ ರಕ್ಷಣೆ. ಎರಡನ್ನೂ ತೂಗಿ ನೋಡಿದರೆ ಪ್ರಜೆಯ ಪಕ್ಷವೇ ನ್ಯಾಯವೆಂದು ತೋರುತ್ತದೆ.

ಡಿ.ಎಚ್.ಸಿ.ಪಿ.ಯ ಒಂದು ದೌರ್ಬಲ್ಯವನ್ನು ಹೇಳದೆ ಮುಂದಕ್ಕೆ ಹೋಗಲಾಗದು. ಕೂಗಿದವನು, ಉತ್ತರ ಕೊಟ್ಟವನನ್ನು ನಂಬುತ್ತಾನೆ. ಒಮ್ಮೆ ಯಾರೋ ಮನೆಯಲ್ಲಿ ಬಳಸುವ ಒಂದು ಸಣ್ಣ ರೌಟರನ್ನು ತಂದು ನಮ್ಮ ಪ್ರಯೋಗಾಲಯದ ತಂತಿಗೆ ಸೇರಿಸಿದ್ದರು. ಉದ್ದೇಶ ಒಳ್ಳೆಯದೇ, ವೈ-ಫೈ ಬೇಕಾಗಿತ್ತು. ಆ ರೌಟರಿನೊಳಗೂ ವಿಳಾಸ ಹಂಚುವ ಸರ್ವರೊಂದಿತ್ತು. ಅರ್ಧದಷ್ಟು ಯಂತ್ರಗಳು ಅದರ ಮಾತನ್ನು ಕೇಳಿ ತಪ್ಪು ಗೇಟ್‌ವೇಯನ್ನು ಹಿಡಿದವು. ಕೆಟ್ಟ ಉದ್ದೇಶದವನು ಇದನ್ನೇ ಮಾಡಿದರೆ ಎಲ್ಲರ ಸಂದೇಶಗಳೂ ಅವನ ಬಾಗಿಲಿನಿಂದ ಹಾಯ್ದುಹೋಗುತ್ತವೆ. ಪ್ರಮಾಣೀಕರಣದ ಒಂದು ಕ್ರಮವನ್ನು 2001ರಲ್ಲಿ ಸೂಚಿಸಿದರಾದರೂ ಅದು ಬಳಕೆಗೆ ಬಂದುದು ತೀರ ವಿರಳ. ವಿಳಾಸದ ಉತ್ತರಗಳನ್ನು ಗೊತ್ತಾದ ಒಂದು ತಂತಿಯಿಂದ ಮಾತ್ರ ಒಳಕ್ಕೆ ಬಿಡುವ ಸ್ವಿಚ್ಚುಗಳು ದೊರೆಯುತ್ತವೆ. ಅವನ್ನು ಹಾಕಿಸುವುದು ಲೇಸು.

ಇನ್ನು ಆ ವಿದ್ಯಾರ್ಥಿಯ ವಿಷಯಕ್ಕೆ ಬರೋಣ. ಮಂಗಳವಾರ ಮಧ್ಯಾಹ್ನ ಗಣಕವಿಜ್ಞಾನದ ಸಹೋದ್ಯೋಗಿಗಳೊಬ್ಬರು ನಮ್ಮನ್ನು ಕೇಳಿದ ಪ್ರಶ್ನೆ ಇಷ್ಟೇ: “ಶನಿವಾರದ ಪಟ್ಟಿ ನೋಡಿದಿರಲ್ಲ, ಬುಧವಾರದ್ದು ನೋಡಿದಿರಾ?” ಶನಿವಾರದ ಪಟ್ಟಿಯು ಶನಿವಾರದ ಗುತ್ತಿಗೆದಾರರನ್ನು ತಿಳಿಸುತ್ತದೆಯೇ ಹೊರತು ಬುಧವಾರದವರನ್ನಲ್ಲ. ಶಾಸನದ ಕಾಲವನ್ನು ನೋಡದೆ ಅದರಲ್ಲಿ ಬಂದ ರಾಜನ ಹೆಸರನ್ನು ಮಾತ್ರ ಹಿಡಿದು ವಂಶಾವಳಿ ಕಟ್ಟುವವರನ್ನು ನಾವು ತರಗತಿಯಲ್ಲಿ ಎಷ್ಟು ಸಲ ಟೀಕಿಸಿಲ್ಲ! ಅದೇ ತಪ್ಪನ್ನು ನಾವೇ ಮಾಡಿದ್ದೆವು.

ಬುಧವಾರದ ದಾಖಲೆ ಇತ್ತು. ಆದರೆ ಅದರ ಆಯುಸ್ಸು ಮುಗಿಯುತ್ತ ಬಂದಿತ್ತು. ನಮ್ಮ ಸರ್ವರಿನ ತಂತ್ರಾಂಶವು ಗುತ್ತಿಗೆಗಳ ದಿನಚರಿಯನ್ನು ವಾರದ ಏಳು ದಿನಗಳ ಹೆಸರಿನ ಏಳು ಕಡತಗಳಲ್ಲಿ ಬರೆಯುತ್ತದೆ. ಮುಂದಿನ ಬುಧವಾರ ಬಂದೊಡನೆ ಹಿಂದಿನ ಬುಧವಾರದ ಬರಹದ ಮೇಲೆಯೇ ಹೊಸದನ್ನು ಬರೆಯುತ್ತದೆ. ಹಳೆಯ ಕಾಲದಲ್ಲಿ ಕಪ್ಪು ಕಡತವನ್ನು ಅಳಿಸಿ ಮತ್ತೆ ಬರೆಯುತ್ತಿದ್ದಂತೆಯೇ ಇದು. ವಿಚಾರಣೆ ಇನ್ನೊಂದು ದಿನ ತಡವಾಗಿದ್ದರೆ ಹುಡುಗನ ಪರವಾಗಿ ಹೇಳುವ ಏಕೈಕ ಸಾಕ್ಷಿ ಉಳಿಯುತ್ತಿರಲಿಲ್ಲ.

ಆ ದಿನಚರಿಯಲ್ಲಿ ಕಂಡುದು ಹೀಗಿದೆ. ಬುಧವಾರ ಬೆಳಗ್ಗೆ ಆ ವಿಳಾಸವನ್ನು ಪಡೆದದ್ದು ಪ್ರಯೋಗಾಲಯದ್ದೇ ಆದ ಒಂದು ಯಂತ್ರ. ಅದರ ಹೆಸರೂ ಯಂತ್ರಾಂಕವೂ ಗಂಟೆ ನಿಮಿಷಗಳೂ ಸ್ಪಷ್ಟವಾಗಿದ್ದವು. ನಮ್ಮಲ್ಲಿ ಗುತ್ತಿಗೆಯನ್ನು ಒಂದು ದಿನಕ್ಕೆ ಇಳಿಸಿದ್ದರು. ಗುರುವಾರ ರಜೆಯಾದ್ದರಿಂದ ಯಂತ್ರವನ್ನು ಯಾರೂ ಹಚ್ಚಲಿಲ್ಲ. ಗುತ್ತಿಗೆ ನವೀಕರಣವಾಗದೆ ಬಿದ್ದುಹೋಯಿತು. ಶುಕ್ರವಾರ ಬೆಳಗ್ಗೆ ಮೊಬೈಲುಗಳ ನೂಕುನುಗ್ಗಲಿನಲ್ಲಿ ಬೊಕ್ಕಸ ಬರಿದಾಗುತ್ತ ಬಂದು, ಬಿದ್ದುಹೋದ ಸಂಖ್ಯೆಗಳೂ ಹಂಚಿಕೆಗೆ ಬಂದವು. ಅವುಗಳಲ್ಲೊಂದು, ಊರಿಂದ ಅಂದೇ ಬಂದ ಹುಡುಗನ ಲ್ಯಾಪ್‌ಟಾಪಿಗೆ ಹೋಯಿತು. ಅವನ ಯಂತ್ರವು ಬುಧವಾರದ ದಿನಚರಿಯಲ್ಲಿ ಒಂದು ಸಾಲಿನಲ್ಲಿಯೂ ಇರಲಿಲ್ಲ. ವಿವರಣೆ ಕೇಳಿದ ಕಾಗದವನ್ನು ಹಿಂದಕ್ಕೆ ಪಡೆಯಲಾಯಿತು; ನಾವು ಅವನನ್ನು ಕರೆದು ಕ್ಷಮೆ ಕೇಳಿದೆವು. “ಪರವಾಗಿಲ್ಲ ಸಾರ್” ಎಂದನೇ ವಿನಾ ಬಹಳ ದಿನ ನಮ್ಮೆದುರು ಮೊದಲಿನಂತೆ ಮಾತಾಡಲಿಲ್ಲ.

ಇಂಥ ದಾಖಲೆಯನ್ನು ಓದುವಾಗ ಕಾಲಮಾನವನ್ನೂ ಪರೀಕ್ಷಿಸಬೇಕಾಗುತ್ತದೆ. ಶಕವರ್ಷಕ್ಕೂ ಸಂವತ್ಸರದ ಹೆಸರಿಗೂ, ತಿಥಿಗೂ ವಾರಕ್ಕೂ ಹೊಂದಿಕೆಯಿದೆಯೇ ಎಂದು ಶಾಸನತಜ್ಞರು ಲೆಕ್ಕಹಾಕುತ್ತಾರೆ. ಹೊಂದದಿದ್ದರೆ ಶಾಸನವನ್ನು ಸಂದೇಹದಿಂದ ನೋಡುತ್ತಾರೆ. ಯಂತ್ರಗಳ ವಿಷಯದಲ್ಲಿಯೂ ಹಾಗೆಯೇ. ಅನೇಕ ಸಣ್ಣ ರೌಟರುಗಳಲ್ಲಿ ಗಡಿಯಾರಕ್ಕೆ ಬ್ಯಾಟರಿಯಿಲ್ಲ. ವಿದ್ಯುತ್ತು ಹೋಗಿ ಬಂದೊಡನೆ ಅವು 1970ರ ಜನವರಿ 1ರಿಂದ ಎಣಿಸತೊಡಗಿ, ಹೊರಗಿನಿಂದ ಸರಿಯಾದ ಕಾಲವನ್ನು ಕೇಳಿ ತಿಳಿಯುವ ತನಕ ಆ ತಾರೀಖನ್ನೇ ಬರೆಯುತ್ತವೆ. ನಮ್ಮ ಗ್ರಂಥಾಲಯದ ರೌಟರಿನ ದಾಖಲೆಯಲ್ಲಿ ಅರ್ಧ ಶತಮಾನದ ಹಿಂದೆಯೇ ವಿದ್ಯಾರ್ಥಿಗಳು ವೈ-ಫೈ ಸೇರಿದ್ದರೆಂದು ಬರೆದಿರುವ ಸಾಲುಗಳಿವೆ. ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ಸೇವಾದಾತರು, ದತ್ತಾಂಶ ಕೇಂದ್ರಗಳು, ಕಂಪನಿಗಳು ಮತ್ತು ಸರ್ಕಾರಿ ಸಂಸ್ಥೆಗಳು ದಿನಚರಿಗಳನ್ನು 180 ದಿನ ಉಳಿಸಿಕೊಳ್ಳಬೇಕೆಂದೂ ಗಡಿಯಾರಗಳನ್ನು ಗೊತ್ತಾದ ಕಾಲಸರ್ವರುಗಳೊಡನೆ ಹೊಂದಿಸಬೇಕೆಂದೂ ವಿಧಿಸಿದ್ದರ ಹಿಂದಿನ ತರ್ಕ ನಮಗೆ ಈಗ ಅರ್ಥವಾಗುತ್ತದೆ. ಏಳು ದಿನಗಳಿಗೂ ನೂರೆಂಬತ್ತು ದಿನಗಳಿಗೂ ನಡುವೆ ಇರುವುದು ಕೆಲವು ರೂಪಾಯಿಗಳ ಸಂಗ್ರಹಸ್ಥಳ ಮಾತ್ರ.

ಆದರೆ ದಿನಚರಿಯ ಸಾಮರ್ಥ್ಯವನ್ನು ಇರುವುದಕ್ಕಿಂತ ಹೆಚ್ಚಾಗಿ ಹೇಳಬಾರದು. ಅದು ಯಂತ್ರದವರೆಗೆ ನಮ್ಮನ್ನು ಕರೆದೊಯ್ದು ಅಲ್ಲಿ ನಿಲ್ಲುತ್ತದೆ. ಪ್ರಯೋಗಾಲಯದ ಆ ಯಂತ್ರದ ಮುಂದೆ ದಿನಕ್ಕೆ ಹತ್ತು ಮಂದಿ ಕೂರುತ್ತಾರೆ. ಬುಧವಾರ 11 ಗಂಟೆ 20 ನಿಮಿಷಕ್ಕೆ ಅಲ್ಲಿ ಕುಳಿತಿದ್ದವರು ಯಾರೆಂದು ತಿಳಿಯಲು ಪ್ರಯೋಗಾಲಯದ ಸಹಿಪುಸ್ತಕವನ್ನು ತೆರೆದೆವು. ಆ ದಿನದ ಪುಟದಲ್ಲಿ ಒಂದು ಸಹಿಯೂ ಇರಲಿಲ್ಲ. ಅಚಾತುರ್ಯದಿಂದ ಅಳಿಸಿದ್ದೋ ಬೇಕೆಂದು ಅಳಿಸಿದ್ದೋ ಗೊತ್ತಾಗಲಿಲ್ಲ. ಚಿತ್ರಗಳಲ್ಲಿ ಹೆಚ್ಚಿನವು ತೆಗೆದವರ ಮೊಬೈಲುಗಳಲ್ಲಿಯೇ ಉಳಿದಿದ್ದವು. ಉಳಿಯದವುಗಳಿಗಾಗಿ ಎರಡು ಭಾನುವಾರ ಆವಣಿಯ ಕಡೆಗೂ ಕುರುಡುಮಲೆಯ ಕಡೆಗೂ ಮತ್ತೆ ಹೋಗಿಬಂದೆವು. ಕಲ್ಲುಗಳು ರೈಸರು ಹೇಳಿದ ಊರುಗಳಲ್ಲಿಯೇ ಇದ್ದವು. ಹೊಸ ಪಟ್ಟಿಯನ್ನು ಬರೆದವನು ಆ ಶ್ರೀನಿವಾಸಪುರದ ಹುಡುಗನೇ. ಪ್ರತಿಯೊಂದು ಚಿತ್ರದ ಎದುರಿಗೂ ತೆಗೆದವರ ಹೆಸರು, ತಾರೀಖು, ಗಂಟೆ ಎಂಬ ಮೂರು ಕಾಲಂಗಳನ್ನು ಯಾರೂ ಹೇಳದೆ ಅವನೇ ಹಾಕಿದ್ದ.